ನೀರ ಮೇಲಿನ ಓಟಕ್ಕೆ ಹೊಸ ಎಂಜಿನ್

ಹೊಸದುರ್ಗ ತಾಲ್ಲೂಕಿನ ಬಾಗೂರು ಚೆನ್ನಕೇಶವನ ಗುಡಿಗೆ ಹೆಸರಾದ ಊರು. ಕಡಲು ಇಲ್ಲಿಗೆ ಬಹುದೂರ. ಆದರೂ ಈ ಸೀಮೆಯವರಿಗೆ ದೊಡ್ಡ ನೀರು ಅಪರಿಚಿತವಲ್ಲ. ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ಕಟ್ಟಿ, 1907ರಲ್ಲಿ ಮುಗಿಸಿದ ವಾಣಿವಿಲಾಸ ಸಾಗರದ ಹಿನ್ನೀರು ಈ ತಾಲ್ಲೂಕಿನವರೆಗೂ ಚಾಚಿದೆ. 1933ರಲ್ಲಿ ಕೋಡಿ ಬಿದ್ದಿದ್ದ ಆ ಜಲಾಶಯ ಮತ್ತೆ ಕೋಡಿ ಬಿದ್ದುದು 89 ವರ್ಷಗಳ ಮೇಲೆ, 2022ರಲ್ಲಿ.

ವೇದಾವತಿ ತುಂಗಭದ್ರೆಯನ್ನು ಕೂಡುತ್ತದೆ. ತುಂಗಭದ್ರೆ ಕೃಷ್ಣೆಯನ್ನು ಸೇರುತ್ತದೆ. ಆ ಕೃಷ್ಣೆಯ ಮೇಲೆ, ಆಂಧ್ರದ ಅಮರಾವತಿಯಲ್ಲಿ, 2018ರ ನವೆಂಬರಿನಲ್ಲಿ ಫಾರ್ಮುಲಾ ಒನ್ ಮೋಟಾರು ದೋಣಿಗಳ ವಿಶ್ವಸ್ಪರ್ಧೆಯ ಒಂದು ಸುತ್ತು ನಡೆಯಿತು. ಗಂಟೆಗೆ 200 ಕಿಲೋಮೀಟರಿಗೂ ಮಿಕ್ಕಿ ಓಡಬಲ್ಲ ಆ ದೋಣಿಗಳನ್ನು ನೂಕುವುದು ಅವುಗಳ ಬೆನ್ನಿಗೆ ತೂಗುಹಾಕಿದ ಔಟ್‌ಬೋರ್ಡ್ ಎಂಜಿನ್ನೇ. ಮಲ್ಪೆಯ ನಾಡದೋಣಿಯ ಹಿಂದೆ ಕಾಣುವುದೂ ಅದೇ ಕುಲದ ಯಂತ್ರ.

ಈ ಯಂತ್ರವನ್ನು ಜನಪ್ರಿಯಗೊಳಿಸಿದವನು ನಾರ್ವೆಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಓಲ್ ಎವಿನ್‌ರೂಡ್. ಮುಂದೆ ತನ್ನ ಪತ್ನಿಯಾದ ಬೆಸ್‌ಳಿಗಾಗಿ ಸುಡುಬಿಸಿಲಿನಲ್ಲಿ ಸರೋವರದಾಚೆಯಿಂದ ಐಸ್‌ಕ್ರೀಮ್ ತರಲು ಹುಟ್ಟುಹಾಕಿ ದಣಿದಾಗ ಅವನಿಗೆ ಈ ಯೋಚನೆ ಹೊಳೆಯಿತೆಂಬ ಕಥೆಯುಂಟು. 1909ರಲ್ಲಿ ಮಾರುಕಟ್ಟೆಗೆ ಬಂದ ಅವನ ಎಂಜಿನ್ನಿಗೆ ಇದ್ದುದು ಕೇವಲ ಒಂದೂವರೆ ಅಶ್ವಶಕ್ತಿ.

ಮೊದಲ ಹತ್ತು ಗಂಟೆ

ಹವ್ಯಾಸಿ ಪಂದ್ಯಗಾರನು ಹೊಸ ಎಂಜಿನ್ ಕೊಂಡೊಡನೆ ಅದರ ಪೂರ್ಣ ವೇಗವನ್ನು ಕಾಣಲು ಹಾತೊರೆಯುವುದು ಸಹಜ. ಆದರೆ ಆತುರಕ್ಕೆ ತೆರಬೇಕಾದ ಬೆಲೆ ದೊಡ್ಡದು. ಹೊಸ ಪಿಸ್ಟನ್ನಿನ ಬಳೆಗಳೂ ಸಿಲಿಂಡರಿನ ಗೋಡೆಯೂ ಒಂದಕ್ಕೊಂದು ಉಜ್ಜಿ ಹೊಂದಿಕೊಳ್ಳುವವರೆಗೆ ಶಾಖ ಹೆಚ್ಚು. ಆಗಲೇ ಎಂಜಿನ್ನನ್ನು ಪೂರ್ಣವೇಗದಲ್ಲಿ ಓಡಿಸಿದರೆ ಪಿಸ್ಟನ್ ಕಚ್ಚಿಕೊಳ್ಳಬಹುದು. ಆದಕಾರಣ ಮೊದಲ ಹತ್ತು ಗಂಟೆಗಳ ಕಾಲ ವೇಗವನ್ನು ಏರಿಸುತ್ತ ಇಳಿಸುತ್ತ ಪಳಗಿಸುವುದು ರೂಢಿ. ಎಣ್ಣೆ ಬೆರೆಸುವ ಟೂ-ಸ್ಟ್ರೋಕ್ ಎಂಜಿನ್ನುಗಳಲ್ಲಿ 50 ಪಾಲು ಪೆಟ್ರೋಲಿಗೆ ಒಂದು ಪಾಲು ಎಣ್ಣೆಯ ನಿಯಮವಿದ್ದರೆ, ಪಳಗಿಸುವಾಗ ಸಾಮಾನ್ಯವಾಗಿ 25ಕ್ಕೆ ಒಂದು. ಯಂತ್ರದೊಡನೆ ಬಂದ ಕೈಪಿಡಿಯ ಮಾತೇ ಇಲ್ಲಿ ಅಂತಿಮ. ನೀರಿನ ಹೊರಗೆ ಒಣ ಎಂಜಿನ್ನನ್ನು ಚಾಲೂ ಮಾಡುವುದಂತೂ ಕೂಡದು. ತಂಪಿನ ನೀರೆತ್ತುವ ಪಂಪಿನ ರಬ್ಬರು ಎಲೆಗಳು ಅಲ್ಪಕಾಲದಲ್ಲೇ ಸುಟ್ಟುಹೋಗುತ್ತವೆ.

ಎತ್ತರ, ಓಲು, ಪಿಚ್

ಎಂಜಿನ್ ಪಳಗಿದ ಮೇಲೆ ನಿಜವಾದ ಹೊಂದಾಣಿಕೆ. ಮೊದಲನೆಯದು ಎತ್ತರ. ಪ್ರೊಪೆಲ್ಲರಿನ ಮೇಲಿರುವ ಚಪ್ಪಟೆ ತಗಡು ದೋಣಿಯ ತಳದ ಮಟ್ಟಕ್ಕೆ ಬರುವಂತೆ ಕೂರಿಸಿ ಆರಂಭಿಸಬೇಕು. ಎಂಜಿನ್ನನ್ನು ಮೇಲೆತ್ತಿದಷ್ಟೂ ನೀರಿನ ತಡೆ ತಗ್ಗಿ ವೇಗ ಹೆಚ್ಚುತ್ತದೆ. ಆದರೆ ಅತಿಯಾಗಿ ಎತ್ತಿದರೆ ಪ್ರೊಪೆಲ್ಲರ್ ಗಾಳಿಯನ್ನು ಕಡೆಯುತ್ತದೆ, ತಂಪಿನ ನೀರೂ ಸಿಗದು. ಹಿಂಬದಿಯ ಸಣ್ಣ ತೂತಿನಿಂದ ಚಿಮ್ಮುವ ನೀರಿನ ಎಳೆಯ ಮೇಲೆ ಕಣ್ಣಿಟ್ಟಿರಬೇಕು. ಅದು ಕ್ಷೀಣಿಸಿದರೆ ಕೂಡಲೇ ನಿಲ್ಲಿಸಬೇಕು.

ಎರಡನೆಯದು ಓಲು. ಎಂಜಿನ್ನಿನ ಕಾಲು ದೋಣಿಯತ್ತ ಬಾಗಿದರೆ ಮೂತಿ ನೀರಿಗೆ ಒತ್ತುತ್ತದೆ. ಹೊರಕ್ಕೆ ಚಾಚಿದರೆ ಮೂತಿ ಏಳುತ್ತದೆ. ಹೆಚ್ಚು ಚಾಚಿದರೆ ದೋಣಿ ಕುಪ್ಪಳಿಸತೊಡಗುತ್ತದೆ.

ಮೂರನೆಯದಾದ ಪಿಚ್ ಎಂದರೆ ಪ್ರೊಪೆಲ್ಲರ್ ಒಂದು ಸುತ್ತಿಗೆ ಲೆಕ್ಕದಂತೆ ಮುಂದೆ ಸಾಗುವ ದೂರ. ಅದು 17 ಅಂಗುಲವಿದ್ದು, ಎಂಜಿನ್ ನಿಮಿಷಕ್ಕೆ 5,500 ಸುತ್ತು ತಿರುಗಿ, ಗೇರು ಅದನ್ನು ಅರ್ಧಕ್ಕಿಳಿಸಿದರೆ, ಲೆಕ್ಕದ ವೇಗ ಗಂಟೆಗೆ ಸುಮಾರು 71 ಕಿಲೋಮೀಟರು. ನೀರು ಮರದಂತೆ ಗಟ್ಟಿಯಲ್ಲವಾಗಿ ನೂರಕ್ಕೆ ಹತ್ತು ಜಾರಿದರೆ, ಕೈಗೆ ಸಿಗುವುದು 64. ಪೂರ್ಣವೇಗದಲ್ಲಿ ಎಂಜಿನ್ನಿನ ಸುತ್ತು ಕೈಪಿಡಿಯ ಮಿತಿಗಿಂತ ಕೆಳಗುಳಿದರೆ ಪಿಚ್ ಹೆಚ್ಚಾಯಿತೆಂದು ತಿಳಿಯಬೇಕು, ಮೀರಿದರೆ ಕಡಿಮೆಯಾಯಿತೆಂದು. ಒಂದು ಅಂಗುಲ ಬದಲಿಸಿದರೆ ನಿಮಿಷಕ್ಕೆ 150ರಿಂದ 200 ಸುತ್ತಿನ ವ್ಯತ್ಯಾಸ.

ಊರು ಬದಲಾದರೂ ಲೆಕ್ಕ ಬದಲಾಗುತ್ತದೆ. ಸಮುದ್ರಮಟ್ಟದ ಮಲ್ಪೆಯಲ್ಲಿ ಹದಗೊಳಿಸಿದ 40 ಅಶ್ವಶಕ್ತಿಯ ಎಂಜಿನ್ನನ್ನು 600 ಮೀಟರಿಗೂ ಎತ್ತರದ ಮಾರಿಕಣಿವೆಯ ಸೀಮೆಗೆ ತಂದರೆ, ತೆಳುಗಾಳಿಯಿಂದ ಅದು ನೂರಕ್ಕೆ ಆರರಷ್ಟು ಬಲ ಕಳೆದುಕೊಂಡು 38ಕ್ಕೂ ತುಸು ಕೆಳಗಿಳಿಯುತ್ತದೆ. ಅಲ್ಲಿ ಗೆದ್ದ ಪ್ರೊಪೆಲ್ಲರ್ ಇಲ್ಲಿ ಭಾರವಾದೀತು.

ಒಂದು ಹುರಿಯ ಬೆಲೆ

ಇಷ್ಟೆಲ್ಲಕ್ಕಿಂತ ಮುಖ್ಯವಾದುದು ಒಂದು ಅಗ್ಗದ ವಸ್ತು: ಚಾಲಕನ ಮೈಗೂ ಎಂಜಿನ್ನಿನ ಗುಂಡಿಗೂ ಕಟ್ಟುವ ಹುರಿ. ತಿರುವಿನಲ್ಲಿ ಚಾಲಕ ಹೊರಕ್ಕೆ ಎಸೆಯಲ್ಪಟ್ಟರೆ ಹುರಿ ಕಿತ್ತು ಎಂಜಿನ್ ನಿಲ್ಲುತ್ತದೆ. ಹುರಿಯಿಲ್ಲದಿದ್ದರೆ ಒಡೆಯನಿಲ್ಲದ ದೋಣಿ ವೃತ್ತಾಕಾರವಾಗಿ ತಿರುಗಿ, ತಿರುಗುವ ಪ್ರೊಪೆಲ್ಲರಿನೊಡನೆ, ಈಜುತ್ತಿರುವವನ ಮೇಲೆಯೇ ಬರಬಹುದು. ತೇಲಂಗಿ ತೊಟ್ಟು, ಹುರಿ ಕಟ್ಟಿ, ದಡದ ಬಳಿಯೇ ಅದನ್ನೊಮ್ಮೆ ಎಳೆದು ಎಂಜಿನ್ ನಿಲ್ಲುವುದೇ ಎಂದು ಪರೀಕ್ಷಿಸಿದ ಬಳಿಕವೇ ಅಳತೆಪಟ್ಟಿ, ಗಡಿಯಾರ, ಪಂದ್ಯದ ಮಾತು.

ಹೆಚ್ಚು ಅಶ್ವಶಕ್ತಿಯನ್ನು ಹಣ ಕೊಟ್ಟು ತರಬಹುದು. ಇರುವ ಶಕ್ತಿಯನ್ನು ನೀರಿಗೆ ಒಪ್ಪಿಸುವ ಹದವನ್ನು ಒಂದೊಂದೇ ಅಂಗುಲ ಬದಲಿಸಿ, ಬರೆದಿಟ್ಟು, ಮತ್ತೆ ಓಡಿಸಿ ನೋಡಿಯೇ ಗಳಿಸಬೇಕು.