ಎಕ್ಕದ ಹಾಲು ಮತ್ತು ಇಂಗ್ಲಿಷ್ ಪಾಠ

ಕೆನಡಾದಲ್ಲಿ ನೆಲೆಸಿರುವ ಮಕ್ಕಳ ಕರೆಗೆ ಓಗೊಟ್ಟು ಇಳಿವಯಸ್ಸಿನಲ್ಲಿ ಊರು ಬಿಟ್ಟ ತಂದೆತಾಯಂದಿರು ನಮ್ಮ ಕರಾವಳಿಯ ಅನೇಕ ಕುಟುಂಬಗಳಲ್ಲಿದ್ದಾರೆ. ಅಂಥವರಲ್ಲೊಬ್ಬರು, ನಮ್ಮ ಧರ್ಮಕೇಂದ್ರದ ಹಿರಿಯ ಕೃಷಿಕರು, ಊರಿಗೆ ಬಂದಿದ್ದಾಗ ನಮ್ಮನ್ನು ಕಾಣಲು ಬಂದರು. ತೋಟ, ನೀರು, ಮಳೆಯ ವಿಷಯದಲ್ಲಿ ಇಲ್ಲಿ ಹತ್ತು ಮಂದಿಗೆ ಬುದ್ಧಿ ಹೇಳುತ್ತಿದ್ದವರು, ಟೊರೊಂಟೊದಲ್ಲಿ ಮೊದಲ ವರ್ಷ ಅಂಗಡಿಗೆ ಹೋಗಲೂ ಮೊಮ್ಮಗನನ್ನು ಮುಂದೆ ಬಿಡುತ್ತಿದ್ದರಂತೆ. “ಫಾದರ್, ನಾನು ಮೂಗನಾದೆನೆಂದೇ ತಿಳಿದಿದ್ದೆ” ಎಂದರು.

ಹೊಸದಾಗಿ ನೆಲೆಸಲು ಬಂದ ವಯಸ್ಕರಿಗಾಗಿ ಕೆನಡಾ ಸರಕಾರವು 1992ರಿಂದ ‘ಲಿಂಕ್’ ಎಂಬ ಉಚಿತ ಭಾಷಾ ತರಗತಿಗಳನ್ನು ನಡೆಸುತ್ತಿದೆ. ಬ್ಯಾಂಕಿನಲ್ಲಿ ಹೇಗೆ ಕೇಳಬೇಕು, ವೈದ್ಯರಿಗೆ ಏನು ಹೇಳಬೇಕು, ಉದ್ಯೋಗದ ಅರ್ಜಿಯನ್ನು ಹೇಗೆ ತುಂಬಬೇಕು, ಇವೇ ಅಲ್ಲಿನ ಸಾಮಾನ್ಯ ಪಾಠಗಳು. ಅವು ಬೇಕಾದವುಗಳೇ. ಆದರೆ ಅವುಗಳಲ್ಲೆಲ್ಲ ವಲಸಿಗನು ಕೇಳುವವನು, ಕಾಯುವವನು. ತಿಳಿದವನಾಗಿ ಬಾಯಿ ತೆರೆಯುವ ಪ್ರಸಂಗ ಬರುವುದು ಕಡಿಮೆ.

ಇವರ ಶಿಕ್ಷಕಿ ಒಂದು ಸೆಪ್ಟೆಂಬರಿನಲ್ಲಿ ತರಗತಿಯನ್ನು ರೂಜ್ ಉದ್ಯಾನಕ್ಕೆ ಕರೆದೊಯ್ದರು. ಟೊರೊಂಟೊದ ಪೂರ್ವದಂಚಿನಲ್ಲಿರುವ ಇದು 2015ರಲ್ಲಿ ಸ್ಥಾಪನೆಯಾದ, ಆ ದೇಶದ ಮೊದಲ ರಾಷ್ಟ್ರೀಯ ನಗರ ಉದ್ಯಾನ. ಕಾಡು, ಹೊಳೆ, ಜೌಗು, ಹೊಲ ಎಲ್ಲವೂ ಅಲ್ಲಿವೆ; ಪ್ರವೇಶ ಶುಲ್ಕವಿಲ್ಲ, ನಗರದ ಬಸ್ಸಿನಲ್ಲೇ ಹೋಗಬಹುದು. ದಾರಿಬದಿಯ ಗಿಡವೊಂದರ ಎಲೆಯನ್ನು ಶಿಕ್ಷಕಿ ಮುರಿದರು. ಬೆಳ್ಳಗೆ ಹಾಲು ಒಸರಿತು. “ಮಿಲ್ಕ್‌ವೀಡ್” ಎಂದರು ಆಕೆ. “ಎಕ್ಕ!” ಎಂದು ನಮ್ಮ ಹಿರಿಯರು ಕೂಗಿಯೇಬಿಟ್ಟರು.

ಅವರು ತಪ್ಪಲಿಲ್ಲ. ಎರಡೂ ಒಂದೇ ಕುಟುಂಬದ ಸಸ್ಯಗಳು. ಅಲ್ಲಿನ ಮೊನಾರ್ಕ್ ಚಿಟ್ಟೆಯ ಮರಿಹುಳು ಮಿಲ್ಕ್‌ವೀಡಿನ ಎಲೆಯನ್ನಷ್ಟೇ ತಿಂದು ಬೆಳೆಯುವಂತೆ, ಅದರ ಹತ್ತಿರದ ಬಂಧುವಾದ ನಮ್ಮೂರಿನ ಕಿತ್ತಳೆ ಬಣ್ಣದ ಪ್ಲೇನ್ ಟೈಗರ್ ಚಿಟ್ಟೆ ಎಕ್ಕದ ಮೇಲೆ ಮೊಟ್ಟೆಯಿಡುತ್ತದೆ. ಅಂದು ಇದನ್ನು ವಿವರಿಸಲು ಅವರಿಗೆ ಇಂಗ್ಲಿಷ್ ಬೇಕಾಯಿತು. ‘ನಮ್ಮ ಊರಿನಲ್ಲಿ’ ಎಂದು ಆರಂಭಿಸಿ ಮುರುಕು ವಾಕ್ಯಗಳಲ್ಲಿ ಐದು ನಿಮಿಷ ಮಾತನಾಡಿದರಂತೆ, ಮೊಮ್ಮಗ ಪಕ್ಕದಲ್ಲಿರಲಿಲ್ಲ.

ಅವರು ಮುಗಿಸಿದಾಗ ಮೆಕ್ಸಿಕೋದ ಸಹಪಾಠಿ ಮಹಿಳೆಯೊಬ್ಬರು ಮಾತು ಮುಂದುವರಿಸಿದರಂತೆ. ಈ ಮೊನಾರ್ಕ್‌ಗಳು ಶರತ್ಕಾಲದಲ್ಲಿ 3,000 ಕಿಲೋಮೀಟರಿಗೂ ಮಿಕ್ಕಿ ಹಾರಿ ಮೆಕ್ಸಿಕೋದ ಬೆಟ್ಟಗಳನ್ನು ಸೇರುತ್ತವೆ. ಅವು ತಲಪುವ ಕಾಲ ನವೆಂಬರ್ 2ರ ಮೃತರ ಸ್ಮರಣೆಯ ಆಸುಪಾಸು; ಅಗಲಿದವರ ಆತ್ಮಗಳೇ ಮರಳುತ್ತವೆಂದು ಅಲ್ಲಿನ ಜನಪದ ನಂಬಿಕೆ. ಚಿಟ್ಟೆಗಳು ಚಳಿಗಾಲ ಕಳೆಯುವ ತಾಣವನ್ನು ಟೊರೊಂಟೊದ ಪ್ರಾಣಿಶಾಸ್ತ್ರಜ್ಞ ಫ್ರೆಡ್ ಅರ್ಕ್ವಾರ್ಟ್ ಅವರ ಬಳಗ ಪತ್ತೆಹಚ್ಚಿದ್ದು 1975ರಲ್ಲಿ. ಆ ಬೆಟ್ಟಗಳ ಹಳ್ಳಿಗರಿಗೆ ಅದು ಮೊದಲೇ ತಿಳಿದಿತ್ತು!

ಹೊರಗಿನ ಪಾಠದಲ್ಲಿ ಎಚ್ಚರಿಕೆಯ ಮಾತುಗಳೂ ಇವೆ. ಮೂರು ಮೂರು ಎಲೆಗಳ ಪಾಯ್ಸನ್ ಐವಿಯನ್ನು ಮುಟ್ಟಿದರೆ ಮೈಯೆಲ್ಲ ಬೊಬ್ಬೆ. ಅದು ಗೇರಿನ ಕುಟುಂಬದ ಸಸ್ಯವೆಂದರೆ, ಗೇರುಬೀಜದ ಸಿಪ್ಪೆಯ ಎಣ್ಣೆಯಿಂದ ಕೈ ಸುಟ್ಟುಕೊಂಡ ನಮ್ಮವರಿಗೆ ಬೇರೆ ವಿವರಣೆ ಬೇಕಿಲ್ಲ. ‘ಮುಟ್ಟಬೇಡ’, ‘ಮುಟ್ಟಿದರೆ’ ಎಂಬ ವ್ಯಾಕರಣ ಅಲ್ಲಿ ತಾನಾಗಿ ನೆನಪಿನಲ್ಲಿ ನಿಲ್ಲುತ್ತದೆ. ಚಳಿಗಾಲದ ಕೆರೆಯ ಮುಂದೆ ‘ಮಂಜುಗಡ್ಡೆ ತೆಳುವಾಗಿದೆ’ ಎಂಬ ಫಲಕವನ್ನು ಓದಲಾರದವನ ಗತಿಯನ್ನು ಊಹಿಸಿಕೊಳ್ಳಿ.

ಸೆಮಿನರಿಯಲ್ಲಿ ನಾವು ತತ್ವಶಾಸ್ತ್ರ ಕಲಿಯುತ್ತಿದ್ದಾಗ ಸಂತ ಅಗಸ್ಟಿನರು ತಮ್ಮ ಮಗ ಅದೆಯೊದಾತುಸನೊಡನೆ ನಡೆಸಿದ ‘ಗುರು’ ಎಂಬ ಸಂವಾದವನ್ನು ಓದಿದ್ದೆವು. ವಸ್ತುವನ್ನು ಅರಿಯದವನಿಗೆ ಬರಿಯ ಪದವು ಏನನ್ನೂ ಕಲಿಸಲಾರದು ಎಂಬುದು ಅಲ್ಲಿನ ವಾದ. ಪರೀಕ್ಷೆಗಾಗಿ ಬಾಯಿಪಾಠ ಮಾಡಿದ ಆ ವಾದದ ತಿರುಳು ನಮಗೆ ಹೊಳೆದದ್ದು ಈ ಹಿರಿಯರ ಮಾತಿನಿಂದ. ವಯಸ್ಕ ವಲಸಿಗನಲ್ಲಿ ವಸ್ತುವಿನ ಅರಿವು ಅರುವತ್ತು ವರ್ಷಗಳದ್ದು. ಕೊರತೆ ಪದದ್ದು ಮಾತ್ರ. ತರಗತಿಯ ಕೋಣೆಯಲ್ಲಿ ಆ ಕೊರತೆಯಷ್ಟೇ ಕಾಣಿಸುತ್ತದೆ.

ಕಾಡಿಗೆ ಹೋದ ಮಾತ್ರಕ್ಕೆ ಕೆಲಸ ಸಿಕ್ಕುವುದಿಲ್ಲ. ಮೈನಸ್ ಹದಿನೈದರ ಚಳಿಯಲ್ಲಿ ಯಾರೂ ಹೊರಡುವುದೂ ಇಲ್ಲ. ನೂರು ಹಕ್ಕಿಗಳ ಹೆಸರನ್ನು ಪಟ್ಟಿಮಾಡಿ ಒಪ್ಪಿಸಿಕೊಳ್ಳುವ ಶಿಕ್ಷಕರಾದರೆ, ಅದು ಮರದ ಕೆಳಗೆ ನಡೆಯುವ ಅದೇ ಹಳೆಯ ಕೋಣೆಪಾಠ. ಕಲಿಯುವವನಿಗೆ ಹೇಳಲು ಏನಿದೆ ಎಂದು ಕೇಳುವ ತಾಳ್ಮೆ ಬೇಕು; ಅದು ಸುಲಭವಲ್ಲವೆಂದು ಧರ್ಮೋಪದೇಶ ಕಲಿಸುವ ನಾವೂ ಬಲ್ಲೆವು.

ಹೊರಡುವ ಮುನ್ನ ಹಿರಿಯರು ನಮ್ಮನ್ನು ಇಗರ್ಜಿಯ ಸ್ಮಶಾನದ ಪಾಗಾರದ ಬಳಿಗೆ ಕರೆದೊಯ್ದರು. ಅಲ್ಲಿಯ ಎಕ್ಕದ ಎಲೆಯನ್ನು ಮಗುಚಿ, ಪಟ್ಟೆಪಟ್ಟೆಯ ಹುಳುವನ್ನು ತೋರಿಸಿ, ಅದಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆಂದು ನಮಗೆ ಹೇಳಿಕೊಟ್ಟರು. ಒಂಬತ್ತು ವರ್ಷಗಳಿಂದ ನಾವು ಆ ಪಾಗಾರದ ಪಕ್ಕದಲ್ಲೇ ನಡೆದಾಡುತ್ತಿದ್ದೇವೆ.