ಶಿರಾಜಿನಿಂದ ಬಂದ ಮನೆತನ, ಮೈಸೂರಿನ ದಿವಾನಗಿರಿ

‘ಹೊರಗಿನಿಂದ ಬಂದವರು’ ಎಂಬ ಮಾತು ನಮ್ಮ ಕೊಡಗಿಗೆ ಹೊಸದಲ್ಲ. ಗಾಳಿಬೀಡಿನ ಆಸುಪಾಸಿನಲ್ಲೇ ತೋಟದ ಕೆಲಸಕ್ಕೋ ವ್ಯಾಪಾರಕ್ಕೋ ಅಜ್ಜನ ಕಾಲದಲ್ಲಿ ಬಂದು ನೆಲೆ ನಿಂತ ಮನೆಗಳಿವೆ. ಅಂಥದೇ ಒಂದು ಮನೆತನದಲ್ಲಿ ಹುಟ್ಟಿ 15 ವರ್ಷ ಮೈಸೂರು ಸಂಸ್ಥಾನದ ಆಡಳಿತ ನಡೆಸಿದವರು ಸರ್ ಮಿರ್ಜಾ ಇಸ್ಮಾಯಿಲ್. ಅವರ ಹೆಸರು ಕೇಳಿದಾಗಲೆಲ್ಲ ನನಗೆ ಮೊದಲು ನೆನಪಾಗುತ್ತಿದ್ದುದು ಬೃಂದಾವನ ಉದ್ಯಾನ ಮಾತ್ರ.

ಅವರ ಅಜ್ಜ ಅಲಿ ಆಸ್ಕರ್ ಪರ್ಷಿಯಾದ ಶಿರಾಜಿನಿಂದ ಕುದುರೆ ಮಾರಲು ಬೆಂಗಳೂರಿಗೆ ಬಂದವರು. ಇಂದಿಗೂ ಅಲ್ಲಿ ಅವರ ಹೆಸರಿನ ರಸ್ತೆ ಇದೆ. 1883ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಮಿರ್ಜಾ, ನಾಲ್ವಡಿ ಕೃಷ್ಣರಾಜ ಒಡೆಯರ ಸಹಪಾಠಿಯಾಗಿದ್ದರು. ಸೆಂಟ್ರಲ್ ಕಾಲೇಜಿನಲ್ಲಿ ಪದವಿ ಪಡೆದು ಪೊಲೀಸ್ ಇಲಾಖೆ ಸೇರಿದರು. ಮುಂದೆ ಮಹಾರಾಜರ ಆಪ್ತ ಕಾರ್ಯದರ್ಶಿಯಾಗಿ, 1926ರಲ್ಲಿ ದಿವಾನರಾದರು. ದಿವಾನರೆಂದರೆ ಇಂದಿನ ಮುಖ್ಯಮಂತ್ರಿಯಂತೆ. ಆದರೆ ಅವರನ್ನು ಆರಿಸುತ್ತಿದ್ದುದು ಜನರಲ್ಲ, ಮಹಾರಾಜರು. ಗೆಳೆತನದ ಬಲವೂ ಇತ್ತೆನ್ನಿ. ಆದರೆ ಬರೀ ಗೆಳೆತನದಿಂದ 15 ವರ್ಷ ಆ ಕುರ್ಚಿಯಲ್ಲಿ ಕೂರಲಾಗದು ಎಂದು ನನಗನಿಸುತ್ತದೆ.

ಮಂಡ್ಯದ ಸಕ್ಕರೆ ಕಾರ್ಖಾನೆ, ಭದ್ರಾವತಿಯ ಕಾಗದ ಕಾರ್ಖಾನೆ, ಬೆಂಗಳೂರಿನ ಪುರಭವನ ಅವರ ಕಾಲದವು. 1940ರಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಆರಂಭವಾದಾಗ ಮೈಸೂರು ಸರ್ಕಾರವೂ ಅದರಲ್ಲಿ ಪಾಲು ಹಾಕಿತು. ಹಳ್ಳಿಗಳಿಗೆ ವಿದ್ಯುತ್ ಕೊಡುವ ಕೆಲಸವೂ ನಡೆಯಿತು. ಕೊಡಗು ಆಗ ಮೈಸೂರಿಗೆ ಸೇರಿರಲಿಲ್ಲ, ಬ್ರಿಟಿಷರ ಕೈಯಲ್ಲಿತ್ತು. ಬೃಂದಾವನದ ಕಾರಂಜಿಗೆ ನೀರು ಮಾತ್ರ ನಮ್ಮ ಕಾವೇರಿಯದು!

ಎಲ್ಲವೂ ಹೊಗಳಿಕೆಯೇ ಆಗಿರಲಿಲ್ಲ. 1928ರಲ್ಲಿ ಬೆಂಗಳೂರಿನ ಸುಲ್ತಾನಪೇಟೆಯ ಶಾಲೆಯ ಗಣಪತಿ ವಿಗ್ರಹದ ವಿಷಯಕ್ಕೆ ಗಲಭೆಯಾಯಿತು. ದಿವಾನರು ಮುಸ್ಲಿಮರು, ಆದ್ದರಿಂದ ಪಕ್ಷಪಾತಿ ಎಂಬ ಟೀಕೆ ಬಂತು. ವಿಚಾರಣಾ ಸಮಿತಿಗೆ ಅಧ್ಯಕ್ಷರಾದವರು ಸರ್ ಎಂ. ವಿಶ್ವೇಶ್ವರಯ್ಯ. ಇದಕ್ಕಿಂತ ದೊಡ್ಡ ಕಪ್ಪುಚುಕ್ಕೆ ವಿದುರಾಶ್ವತ್ಥ. 1938ರ ಏಪ್ರಿಲ್‌ನಲ್ಲಿ ಅಲ್ಲಿ ಧ್ವಜ ಹಾರಿಸಲು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಅವರ ಸಾಧನೆ ಹೇಳುವಾಗ ಇದನ್ನು ಬಿಟ್ಟು ಹೇಳುವುದು ಸರಿಯಲ್ಲ. ಆಮೇಲೆ ಸರ್ದಾರ್ ಪಟೇಲರು ಬಂದು ಮಾತುಕತೆ ನಡೆಸಿದರು. ಮೈಸೂರಿನ ಬಾವುಟದ ಜೊತೆಗೆ ಕಾಂಗ್ರೆಸ್ ಬಾವುಟವನ್ನೂ ಹಾರಿಸಲು ಒಪ್ಪಂದವಾಯಿತು.

ನಾಲ್ವಡಿಯವರು 1940ರಲ್ಲಿ ತೀರಿಕೊಂಡರು. ಮರುವರ್ಷ ಮಿರ್ಜಾ ಅಧಿಕಾರ ಬಿಟ್ಟರು. 1942ರಲ್ಲಿ ಜೈಪುರದ ಪ್ರಧಾನಮಂತ್ರಿಯಾದರು. ಅಲ್ಲಿನ ಮುಖ್ಯ ಪೇಟೆಬೀದಿ ಎಂ.ಐ. ರಸ್ತೆ, ಅಂದರೆ ಮಿರ್ಜಾ ಇಸ್ಮಾಯಿಲ್ ರಸ್ತೆ. 1946ರಲ್ಲಿ ಹೈದರಾಬಾದಿನ ನಿಜಾಮರು ಕರೆದರು. ಭಾರತದೊಂದಿಗೆ ಹೊಂದಿಕೊಂಡು ಹೋಗಬೇಕೆಂಬುದು ಮಿರ್ಜಾ ಅವರ ನಿಲುವು. ಮೈಸೂರಿನಲ್ಲಿ ಮುಸ್ಲಿಂ ಪಕ್ಷಪಾತಿ ಎನಿಸಿಕೊಂಡವರನ್ನು ಇಲ್ಲಿ ವಿರೋಧಿಸಿದ್ದು ಮುಸ್ಲಿಮರದೇ ಸಂಘಟನೆಯಾದ ಇತ್ತೆಹಾದ್. ವರ್ಷ ತುಂಬುವ ಮೊದಲೇ, 1947ರಲ್ಲಿ, ರಾಜೀನಾಮೆ ಕೊಟ್ಟು ಹೊರಬಂದರು. 1954ರಲ್ಲಿ ‘ಮೈ ಪಬ್ಲಿಕ್ ಲೈಫ್’ ಎಂಬ ಆತ್ಮಕಥೆ ಪ್ರಕಟವಾಯಿತು; 1959ರ ಜನವರಿಯಲ್ಲಿ ಅವರು ನಿಧನರಾದರು.