ಜೀಪಿನ ಓಲಾಟಕ್ಕೊಂದು ಉಕ್ಕಿನ ಸರಳು

ಆಂಟಾಪ್ ಹಿಲ್ಲಿನ ಸರಕಾರಿ ವಸತಿಗಳಲ್ಲಿರುವ ಕನ್ನಡಿಗರಿಗೆ ಊರಿನ ಪ್ರಯಾಣವೆಂದರೆ ಒಂದು ಕಾಲಕ್ಕೆ ರಾತ್ರಿಯ ಬಸ್ಸು. 1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ತಿಯಾದ ಮೇಲೆ ಕರಾವಳಿಯವರಿಗೆ ರೈಲು. ಈಗ ನಮ್ಮ ಕಟ್ಟಡಗಳ ಕೆಳಗೂ ಎತ್ತರದ ಜೀಪುಗಳು ಬಂದು ನಿಂತಿವೆ. ಸ್ವಾತಂತ್ರ್ಯ ಬಂದ ಸುಮಾರಿಗೇ ಮಹೀಂದ್ರದವರು ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿದ ಈ ಮುಂಬಯಿಗೆ ಜೀಪೇನೂ ಹೊಸತಲ್ಲ. ಹೊಸತೆಂದರೆ, ಅದರಲ್ಲಿ ಅಜ್ಜಿ, ಮೊಮ್ಮಕ್ಕಳು, ಉಪ್ಪಿನಕಾಯಿ ಭರಣಿ ಸಮೇತ ಸಂಸಾರವೇ ಘಟ್ಟ ಇಳಿಯುವುದು.

ತೊಡಕು ಇರುವುದು ಆ ಘಟ್ಟದಲ್ಲಿಯೇ. ಎತ್ತರದ ಗಾಡಿ ತಿರುವಿನಲ್ಲಿ ಹೊರಮಗ್ಗುಲಿಗೆ ವಾಲುತ್ತದೆ. ಆಗುಂಬೆಯಲ್ಲಿ ಹದಿನಾಲ್ಕು ಹಿಮ್ಮುರಿ ತಿರುವುಗಳು. ಏಳನೆಯದು ಮುಗಿಯುವಷ್ಟರಲ್ಲಿ ಹಿಂದಿನ ಸೀಟಿನಿಂದ ನಿಂಬೆಹಣ್ಣಿಗೆ ಕರೆ ಬರುತ್ತದೆ. ನಮ್ಮ ಪಕ್ಕದ ಕಟ್ಟಡದ ಮಿತ್ರರೊಬ್ಬರು ಇದಕ್ಕೆ ಪರಿಹಾರವೆಂದು ಹಿಂದಿನ ಅಚ್ಚಿಗೆ ಹೊರಗಿನ ಅಂಗಡಿಯಿಂದ ದಪ್ಪನೆಯ ಸ್ವೇ ಬಾರ್ ತಂದರು. ಮೇಸ್ತ್ರಿಗಳ ಮಾತಿನಲ್ಲಿ ಇದೇ ಸ್ಟೆಬಿಲೈಜರ್ ರಾಡು. ಅದನ್ನು ಕೂರಿಸುವ ದಿನ ನಾವೂ ಜೊತೆಗೆ ಹೋಗಿದ್ದೆವು. ಕಡತ ಓದುವವರಿಗೆ ಕಬ್ಬಿಣದಲ್ಲೇನು ಕೆಲಸವೆಂದು ವಾಚಕರು ಕೇಳಬಹುದು. ಆದರೆ ಆ ಗಾಡಿಯಲ್ಲಿ ಕೂರುವ ಮಕ್ಕಳಲ್ಲಿ ನಮ್ಮವರೂ ಇದ್ದಾರೆ.

ಈ ಸರಳಿನ ಗುಟ್ಟು ಬಹಳ ಸರಳ. ಒದ್ದೆ ಪಂಚೆಯನ್ನು ಇಬ್ಬರು ಎರಡು ತುದಿ ಹಿಡಿದು ಹಿಂಡುವುದನ್ನು ನೆನೆಯಿರಿ. ಅಗಲವಾದ ಕೊಕ್ಕೆಯಂತೆ ಬಾಗಿದ ಉಕ್ಕಿನ ಸರಳಿನ ನಡುಭಾಗ ರಬ್ಬರು ಬುಶ್‌ಗಳಲ್ಲಿ ಕೂತಿರುತ್ತದೆ. ಎರಡು ತೋಳುಗಳನ್ನು ಲಿಂಕುಗಳೆಂಬ ಗಿಡ್ಡ ಕಡ್ಡಿಗಳು ಬಿಗಿದಿರುತ್ತವೆ. ಗಾಡಿ ವಾಲಿದಾಗ ಒಂದು ಚಕ್ರ ಮೇಲೆ, ಇನ್ನೊಂದು ಕೆಳಗೆ. ಸರಳು ತಿರುಚಿಕೊಳ್ಳುತ್ತದೆ, ತಿರುಚಲು ಒಲ್ಲದೆ ಗಾಡಿಯನ್ನು ನೆಟ್ಟಗೆ ಹಿಡಿಯುತ್ತದೆ. ಎರಡೂ ಚಕ್ರಗಳು ಒಟ್ಟಿಗೆ ಉಬ್ಬು ಹತ್ತಿದರೆ ಅದಕ್ಕೆ ಕೆಲಸವೇ ಇಲ್ಲ. ಕೆನಡಾದ ಸ್ಟೀಫನ್ ಕೋಲ್‌ಮನ್ ಎಂಬವರು ಇದಕ್ಕೆ 1919ರಷ್ಟು ಹಿಂದೆಯೇ ಪೇಟೆಂಟು ಪಡೆದಿದ್ದರು.

ಹಾಗಾದರೆ ದಪ್ಪ ಹೆಚ್ಚಿದಷ್ಟೂ ಒಳ್ಳೆಯದಲ್ಲವೆ? ಇಲ್ಲಿಯೇ ಜೋಕೆ ಬೇಕು. ಸರಳಿನ ಬಿಗಿ ಅದರ ದಪ್ಪದ ನಾಲ್ಕನೆಯ ಘಾತದಂತೆ ಏರುತ್ತದೆ. 20 ಮಿಲಿಮೀಟರಿನದನ್ನು ತೆಗೆದು 22ರದನ್ನು ಹಾಕಿದರೆ ಕಣ್ಣಿಗೆ ಕಾಣುವುದು ಎರಡೇ ಮಿಲಿಮೀಟರು, ಬಿಗಿ ಮಾತ್ರ ನೂರಕ್ಕೆ 46ರಷ್ಟು ಹೆಚ್ಚು. 24 ಆದರೆ ಎರಡು ಪಟ್ಟಿಗೂ ಮೇಲೆ. ಅಷ್ಟು ಬಿಗಿಯಾದ ಸರಳು ಒಂದು ಚಕ್ರ ಗುಂಡಿಗೆ ಬಿದ್ದ ಪೆಟ್ಟನ್ನು ಇನ್ನೊಂದಕ್ಕೂ ಸಾಗಿಸಿ ಕೂತವರ ತಲೆ ಅತ್ತಿತ್ತ ಆಡಿಸುತ್ತದೆ. ಮಳೆಗಾಲದ ಮುಂಬಯಿಯಲ್ಲಿ ಗುಂಡಿಗಳಿಗೇನು ಬರವೆ!

ಅದಕ್ಕಿಂತ ದೊಡ್ಡ ಭಯ ಇನ್ನೊಂದಿದೆ. ಸರಳು ಗಾಡಿಯ ವಾಲಾಟವನ್ನು ತಡೆಯುತ್ತದೆಯೇ ಹೊರತು ತಿರುವಿನಲ್ಲಿ ಹೊರಚಕ್ರದ ಮೇಲೆ ಬೀಳುವ ಭಾರವನ್ನು ಇಲ್ಲವಾಗಿಸುವುದಿಲ್ಲ. ಆ ಭಾರದ ಹೆಚ್ಚಿನ ಪಾಲನ್ನು ತಾನಿರುವ ಅಚ್ಚಿನ ಕಡೆಗೆ ಎಳೆದುಕೊಳ್ಳುತ್ತದೆ. ಮುಂದಿನದು ಅತಿ ಬಿಗಿಯಾದರೆ ಸ್ಟೀರಿಂಗು ತಿರುಗಿಸಿದರೂ ಗಾಡಿ ನೇರಕ್ಕೇ ಜಾರಲು ನೋಡುತ್ತದೆ. ಹಿಂದಿನದು ಅತಿ ಬಿಗಿಯಾದರೆ ಒದ್ದೆ ರಸ್ತೆಯಲ್ಲಿ ಬಾಲವೇ ಹೊರಕ್ಕೆ ಬೀಸುತ್ತದೆ. ಜಡಿಮಳೆಯ ಆಂಬೋಲಿಯಲ್ಲಿ, ಒಂದು ಮಗ್ಗುಲಿಗೆ ಕಣಿವೆಯಿರುವಾಗ, ಈ ಎರಡನೆಯದು ಯಾರಿಗೂ ಬೇಡ.

ಮಿತ್ರರು ತಂದ ಸರಳಿನ ತೋಳುಗಳಲ್ಲಿ ಮೂರು ಮೂರು ರಂಧ್ರಗಳಿದ್ದವು. ತುದಿಯ ರಂಧ್ರಕ್ಕೆ ಲಿಂಕು ಹಾಕಿದರೆ ತೋಳು ಉದ್ದ, ಹಿಡಿತ ಮೆದು. ಒಳಗಿನದಕ್ಕೆ ಹಾಕಿದರೆ ಗಡಸು. ಕೊಟ್ಟ ದುಡ್ಡಿಗೆ ಪೂರ್ತಿ ಬಿಗಿಯೇ ಇರಲೆಂದು ಮಿತ್ರರ ಆಸೆ. ಟ್ರಕ್ ಟರ್ಮಿನಲ್ಲಿನ ಕಡೆಯ ಆ ಮುದುಕ ಮೇಸ್ತ್ರಿ ಕೇಳಿದ್ದು ಒಂದೇ ಮಾತು: ಹಿಂದೆ ಕೂರುವವರು ಯಾರು? ಉತ್ತರ ಕೇಳಿ, ಮರುಮಾತಿಲ್ಲದೆ ತುದಿಯ ರಂಧ್ರಕ್ಕೇ ಬೋಲ್ಟು ತೂರಿಸಿದ. ಆತನ ತೀರ್ಮಾನವೇ ಸರಿಯೆಂದು ನಮ್ಮ ಎಣಿಕೆ.

ಕೂರಿಸುವ ಕ್ರಮ ಬರೆದಿಡುವಂಥದು. ಗಾಡಿಯನ್ನು ಜಾಕಿನ ಮೇಲೆ ತೂಗುಬಿಟ್ಟು ಕೊನೆಯ ಬಿಗಿ ಕೊಡಲಿಲ್ಲ. ಗುಂಡಿಯ ಮೇಲೆ ಸಮನೆಲದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಅಡ್ಡೆ ಕೊಟ್ಟು, ಸಂಸಾರದ ತೂಕಕ್ಕೆ ಪ್ರತಿಯಾಗಿ ಹಿಂದಿನ ಸೀಟಿನಲ್ಲಿ ನಮ್ಮನ್ನು ಕೂರಿಸಿದರು. (ಗುಮಾಸ್ತನ ತೂಕಕ್ಕೆ ಬೆಲೆ ಬಂದದ್ದು ಅಂದೇ.) ಹಾಗೆ ಕೂತಾಗ ತೋಳುಗಳು ಹೆಚ್ಚುಕಡಮೆ ಅಡ್ಡಕ್ಕೆ ಸಮವಾಗಿ, ಲಿಂಕುಗಳು ನೆಟ್ಟಗಿರಬೇಕು. ಒಂದು ಕಡೆಯ ಲಿಂಕು ಹಾಕಿದ ಮೇಲೆ ಇನ್ನೊಂದರ ಉದ್ದವನ್ನು ಬೋಲ್ಟು ಬೆರಳಿನಿಂದಲೇ ಜಾರಿ ಒಳಹೋಗುವಷ್ಟಕ್ಕೆ ಹೊಂದಿಸಬೇಕು. ಸುತ್ತಿಗೆಯಿಂದ ಹೊಡೆದು ತೂರಿಸಿದರೆ ಸರಳು ನಿಂತಲ್ಲೇ ತಿರುಚಿಕೊಂಡು, ಗಾಡಿ ಸದಾ ಒಂದು ಮಗ್ಗುಲಿಗೆ ಹೊರಳಿರುತ್ತದೆ. ಸ್ಪ್ರಿಂಗು ಎತ್ತರಿಸಿದ ಗಾಡಿಗಳಿಗೆ ಹಳೆಯ ಲಿಂಕು ಗಿಡ್ಡವಾಗುವುದರಿಂದ ಉದ್ದನೆಯದು ಬೇಕು. ಆಮೇಲೆ ಒಂದು ಚಕ್ರವನ್ನು ಎತ್ತಿ, ಇನ್ನೊಂದನ್ನು ಇಳಿಬಿಟ್ಟು, ಸರಳು ಬ್ರೇಕಿನ ಕೊಳವೆಗಾಗಲಿ ಹೊಗೆನಳಿಗೆಗಾಗಲಿ ತಾಗುವುದೇ ಎಂದು ನೋಡಿದರು. ತಾಗಲಿಲ್ಲ.

ಮಲೆನಾಡಿನ ತೋಟದ ಕೊರಕಲು ದಾರಿಯಲ್ಲಿ ಇದೇ ಸರಳು ಅಡ್ಡಿಯಾದೀತು. ಅಲ್ಲಿ ಒಂದು ಚಕ್ರ ಗುಂಡಿಗಿಳಿಯಬೇಕು, ಒಂದು ಬಂಡೆ ಏರಬೇಕು. ಸರಳು ಹಿಡಿದರೆ ಚಕ್ರ ಗಾಳಿಯಲ್ಲಿ ತಿರುಗುತ್ತದೆ. ರಾಂಗ್ಲರ್ ರುಬಿಕಾನ್ ಎಂಬ ದುಬಾರಿ ಜೀಪಿನಲ್ಲಿ ಮುಂದಿನ ಸರಳನ್ನು ಬಿಡಿಸಲು ಗುಂಡಿಯೊತ್ತಿದರೆ ಸಾಕು. ಗಂಟೆಗೆ ಸುಮಾರು 29 ಕಿಲೋಮೀಟರು ವೇಗ ದಾಟಿದರೆ ತಾನೇ ಕೂಡಿಕೊಳ್ಳುತ್ತದೆ. ಉಳಿದವರು ಸ್ಪ್ಯಾನರು ಹಿಡಿದು ಲಿಂಕು ಕಳಚಿ ತೋಳನ್ನು ಮೇಲಕ್ಕೆ ಕಟ್ಟಬೇಕು, ಡಾಂಬರು ಕಂಡೊಡನೆ ಇಳಿದು ಮತ್ತೆ ಜೋಡಿಸಬೇಕು. ಕೆಸರಿನಲ್ಲಿ ಈ ಕೆಲಸಕ್ಕೆ ಬೇಸರಪಡುವವರು ಕಳಚದಿರುವುದೇ ವಾಸಿ.

ಕಾಯಿದೆಯ ಮಾತನ್ನೂ ಆಡಲೇಬೇಕು. ಅದು ನಮ್ಮ ಕಸುಬಿಗೆ ಹತ್ತಿರ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಗಾಡಿಯ ಮಾರ್ಪಾಟಿಗೆ ಮಿತಿ ಹಾಕಿದೆ. 2019ರ ತಿದ್ದುಪಡಿಯಂತೆ, ಅನುಮತಿಯಿಲ್ಲದ ಮಾರ್ಪಾಟಿಗೆ ಮಾಲಿಕನಿಗೆ ಆರು ತಿಂಗಳವರೆಗೆ ಸೆರೆ, ಇಲ್ಲವೆ ಮಾರ್ಪಾಟೊಂದಕ್ಕೆ 5,000 ರೂಪಾಯಿ ದಂಡ, ಇಲ್ಲವೆ ಎರಡೂ. ಸಾರಿಗೆ ಕಚೇರಿ ನಮಗೆ ದೂರವೇನಲ್ಲ, ವಡಾಳಾದಲ್ಲೇ ಇದೆ. ಸರಳು ಕೊಳ್ಳುವ ಮೊದಲೇ ಅಲ್ಲಿ ಬರವಣಿಗೆಯಲ್ಲಿ ಕೇಳಿರಿ, ವಿಮೆಯವರಿಗೂ ಒಂದು ಕಾಗದ ಹಾಕಿರಿ. ಬಾಯಿಮಾತಿನ ಒಪ್ಪಿಗೆ ಅಪಘಾತದ ಮರುದಿನ ಯಾರ ನೆನಪಿನಲ್ಲೂ ಇರುವುದಿಲ್ಲ.

ಮಿತ್ರರ ಜೀಪನ್ನು ಮೊದಲು ಒಣ ನೆಲದಲ್ಲಿ, ಮಳೆ ಬಂದ ಮೇಲೆ ಖಾಲಿ ಬಯಲಿನಲ್ಲಿ ನಿಧಾನವಾಗಿ ತಿರುಗಿಸಿ ನೋಡಿದ್ದಾಯಿತು. ವಾಲುವುದು ಕಡಮೆಯಾಗಿದೆ, ಬಾಲ ಬೀಸಲಿಲ್ಲ. ಕೆಲವು ನೂರು ಕಿಲೋಮೀಟರು ಓಡಿದ ಮೇಲೆ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿಸಲು ಕರೆತರಬೇಕೆಂದು ಮೇಸ್ತ್ರಿಯ ಕಟ್ಟಪ್ಪಣೆ. ಹೊರಡುವಾಗ ಆತ ಮೇಲಿನ ಕ್ಯಾರಿಯರಿನತ್ತ ಕೈತೋರಿ, ಅಕ್ಕಿಮೂಟೆ ಅಲ್ಲಿ ಹೇರುವುದಾದರೆ ಈ ಸರಳನ್ನು ಬಿಚ್ಚಿ ಮನೆಯಲ್ಲಿಡಿ ಎಂದ. ಗಣೇಶ ಹಬ್ಬಕ್ಕೆ ಅವರು ಆಂಬೋಲಿಯ ಮೇಲೆ ಬೆಳಗಾವಿಗೆ ಹೊರಟಿದ್ದಾರೆ. ಕ್ಯಾರಿಯರು ಈಗ ಅವರ ಮನೆಯ ಬಾಲ್ಕನಿಯಲ್ಲಿದೆ. ಮನೆಯಾಕೆ ಅದರ ಮೇಲೆ ಹಪ್ಪಳ ಒಣಗಿಸುತ್ತಿದ್ದಾರೆ.